ಕವಿಮನೆ ಮತ್ತು ದುಡಿಮೆಯ ನೆನಪು: ಕುಪ್ಪಳಿಯ ಮನೆಯ ಜಾನಪದೀಯ ಓದು

1

ಲೇಖಕರು ಬಾಳಿದ ಮನೆಗಳನ್ನು ಸ್ಮಾರಕಗಳಾಗಿ ಕಾಪಾಡಿಕೊಳ್ಳುವ ಪರಿಪಾಠ ಕನ್ನಡಿಗರಲ್ಲಿ ಬೇರೂರಿದ್ದು ಈಚಿನ ಕೆಲವು ದಶಕಗಳಲ್ಲಿ. ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ, ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ನಿವಾಸ ಈ ಬಗೆಯವು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿಕೊಂಡಿದ್ದ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಲಾಗಿತ್ತು. ಸಾರ್ವಜನಿಕರ ಒತ್ತಾಯದಿಂದ ಅದು ಉಳಿದು 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು. ಇವುಗಳ ಸಾಲಿನಲ್ಲಿ ಅತಿ ಹೆಚ್ಚು ಜನರನ್ನು ಸೆಳೆಯುವ ಮನೆಗಳಲ್ಲೊಂದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕುವೆಂಪು ಅವರ ಮನೆ. ಇಂದು ಅದು 'ಕವಿಮನೆ' ಎಂದೇ ಪ್ರಸಿದ್ಧವಾಗಿದೆ. 1992ರಲ್ಲಿ ಸ್ಥಾಪನೆಗೊಂಡ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಶಿಥಿಲಗೊಂಡಿದ್ದ ಈ ಮನೆಯನ್ನು ಜೀರ್ಣೋದ್ಧಾರ ಮಾಡಿ ಸಾರ್ವಜನಿಕರಿಗೆ ತೆರೆದಿಟ್ಟಿತು.

ಈ ಮನೆಯ ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳಲ್ಲಿ ಬಹುಪಾಲು ಪ್ರವಾಸಕಥನದ ಅಥವಾ ಭಾವಾಂಜಲಿಯ ಧಾಟಿಯವು. ಮಲೆನಾಡಿನ ಮಳೆ, ಕಾಡು, ಕವಿಶೈಲದ ಸೂರ್ಯಾಸ್ತ ಮತ್ತು ಕವಿಯ ಬಾಲ್ಯ ಇವು ಅಂಥ ಬರಹಗಳ ಆವರ್ತಕ ಆಶಯಗಳಾಗಿವೆ. ಮನೆಯನ್ನು ಒಂದು ಭೌತಿಕ ಸಂಸ್ಕೃತಿಯ ಪಠ್ಯವಾಗಿ, ಅಂದರೆ ಯಾರು ಕಟ್ಟಿದರು, ಯಾರು ದುಡಿದರು, ಯಾರು ಎಲ್ಲಿಯವರೆಗೆ ಬರಬಹುದಿತ್ತು ಎಂಬ ನೆಲೆಯಲ್ಲಿ ಓದುವ ಪ್ರಯತ್ನಗಳು ವಿರಳ. ಕವಿಮನೆಯ ಪ್ರದರ್ಶನಕ್ರಮವು ಕವಿಯ ಹೆಸರನ್ನು ನೆನಪಿಸುವಷ್ಟು ಬಲವಾಗಿ ಆ ಮನೆಯನ್ನು ನಡೆಸಿದ ದುಡಿಮೆಯನ್ನು ನೆನಪಿಸುವುದಿಲ್ಲ; ಆ ಮರೆತ ನೆನಪನ್ನು ಕುವೆಂಪು ಅವರ ಕಾದಂಬರಿಗಳೇ ಕಾದಿಟ್ಟಿವೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

2

ಮೊದಲಿಗೆ ಇದು ಯಾವ ಅರ್ಥದಲ್ಲಿ 'ಕವಿಯ ಮನೆ' ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ. ಕುಪ್ಪಳಿಗೆ ಬರುವ ಅನೇಕರು ಇದನ್ನು ಕುವೆಂಪು ಜನಿಸಿದ ಮನೆಯೆಂದು ಭಾವಿಸುತ್ತಾರೆ. ಅವರು 1904ರ ಡಿಸೆಂಬರ್ 29ರಂದು ಜನಿಸಿದ್ದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಿನಲ್ಲಿ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ಈ ನಾಡಿನ ರೂಢಿ. ಕವಿಯ ಜನನಕ್ಕೂ ಅದೇ ರೂಢಿ ಅನ್ವಯಿಸಿದೆ. ಜನ್ಮಸ್ಥಳದ ಪಟ್ಟವನ್ನು ತಂದೆಯ ಮನೆಗೆ ವರ್ಗಾಯಿಸುವ ಜನಪ್ರಿಯ ಗ್ರಹಿಕೆಯಲ್ಲಿ ಪಿತೃಪ್ರಧಾನ ಕುಟುಂಬದ ತರ್ಕವೊಂದು ಕೆಲಸ ಮಾಡುತ್ತಿರುವುದನ್ನು ಗಮನಿಸಬಹುದು. ಮಗು ಎಲ್ಲಿ ಹುಟ್ಟಿದರೂ ಅದು ಅಪ್ಪನ ಮನೆಯದು!

ಬರವಣಿಗೆಯ ದೃಷ್ಟಿಯಿಂದಲೂ ಇದು ಕವಿಯ ಏಕೈಕ ಮನೆಯಲ್ಲ. ವಿದ್ಯಾರ್ಥಿದೆಸೆಯಲ್ಲಿಯೇ ಮೈಸೂರು ಸೇರಿದ ಕುವೆಂಪು ಅಧ್ಯಾಪಕರಾಗಿ, 1956ರಿಂದ 1960ರವರೆಗೆ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ಅನಂತರ ನಿವೃತ್ತರಾಗಿ 1994ರ ನವೆಂಬರ್ 11ರಂದು ಕೊನೆಯುಸಿರೆಳೆಯುವವರೆಗೂ ಬಹುಕಾಲ ಬಾಳಿದ್ದು ಅದೇ ನಗರದಲ್ಲಿ. ಅಲ್ಲಿಯ 'ಉದಯರವಿ' ಅವರು ತಮ್ಮ ಸಂಸಾರಕ್ಕಾಗಿ ಕಟ್ಟಿಸಿಕೊಂಡ ಮನೆ. ಅವರ ಪುಸ್ತಕ ಪ್ರಕಾಶನಕ್ಕೂ ಅದೇ ಹೆಸರು. ಕುಪ್ಪಳಿಯ ಮನೆಯನ್ನಾದರೋ ಕುವೆಂಪು ಕಟ್ಟಿಸಲಿಲ್ಲ. ಅದು ಹಲವು ತಲೆಮಾರುಗಳ ಕೂಡುಕುಟುಂಬವೊಂದು ಬಾಳಿದ, ಒಳಗೆ ಚೌಕನೆಯ ತೆರೆದ ಅಂಗಳವುಳ್ಳ, ದಪ್ಪ ಮುಂಡಿಗೆಗಳ ಮೇಲೆ ನಿಂತ ಉಪ್ಪರಿಗೆಯ ತೊಟ್ಟಿಮನೆ. ಆದ್ದರಿಂದ ಯಾದವಗಿರಿಯ ಮನೆಯನ್ನು ಓದುವ ಕ್ರಮದಲ್ಲಿ ಇದನ್ನು ಓದಲಾಗದು. ಅಲ್ಲಿಯದು ಒಬ್ಬ ಲೇಖಕ ತನಗಾಗಿ ರೂಪಿಸಿಕೊಂಡ ಏಕಾಂತ. ಕುಪ್ಪಳಿಯಲ್ಲಿರುವುದು ಬೇಸಾಯ, ಅಡಕೆ, ದನಕರು, ಆಳುಕಾಳು, ನೆಂಟರಿಷ್ಟರು ಇವೆಲ್ಲವನ್ನೂ ನಡೆಸುತ್ತಿದ್ದ ಒಂದು ಉತ್ಪಾದನಾ ಘಟಕ. ಕವಿ ಅದರೊಳಗೆ ಬೆಳೆದ ಒಬ್ಬ ಹುಡುಗ.

3

ಕರ್ನಾಟಕದಲ್ಲಿ ಜನಪದ ವಸ್ತುಗಳನ್ನು ಪ್ರದರ್ಶಿಸುವ ಒಂದು ಮಾದರಿ ಈಗಾಗಲೇ ರೂಢಗೊಂಡಿದೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಆರಂಭಿಸಿದ ಜಾನಪದ ವಸ್ತುಸಂಗ್ರಹಾಲಯವಾಗಲಿ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವಾಗಲಿ ವಸ್ತುವನ್ನು ಅದರ ಬಗೆ ಮತ್ತು ಉಪಯೋಗದಿಂದ ಗುರುತಿಸುತ್ತವೆ. ಅಲ್ಲಿ ಒಂದು ಮೊರ ಎಂದರೆ ನಾಡಿನ ಎಲ್ಲ ಮೊರಗಳ ಪ್ರತಿನಿಧಿ. ಅದು ಯಾರ ಮನೆಯದು ಎಂಬುದು ಮುಖ್ಯವಲ್ಲ. ಕವಿಮನೆಯಲ್ಲಿ ಈ ಸಂಬಂಧ ತಿರುಗುಮುರುಗಾಗುತ್ತದೆ. ಅಡುಗೆಮನೆಯ ಪಾತ್ರೆಪರಡಿಯಾಗಲಿ ಹೊಲಗದ್ದೆಯ ಸಲಕರಣೆಯಾಗಲಿ ಸಂದರ್ಶಕನಿಗೆ ಮೊದಲು ಕಾಣುವುದು 'ಕುವೆಂಪು ಮನೆಯದು' ಎಂಬ ಗುರುತಿನಿಂದ. ಉಪಯೋಗವು ಹಿಂದೆ ಸರಿದು ಒಡೆತನ ಮುಂದೆ ಬರುತ್ತದೆ.

ಎರಡೂ ಮಾದರಿಗಳಿಗೆ ಅವುಗಳದೇ ಮಿತಿಗಳಿವೆ. ಮೊದಲನೆಯದು ವಸ್ತುವನ್ನು ಅದರ ಮನೆಯಿಂದ ಕಿತ್ತು ತರುತ್ತದೆ. ಎರಡನೆಯದು ವಸ್ತುವನ್ನು ಅದರ ಮನೆಯಲ್ಲೇ ಇರಿಸಿ, ಅದನ್ನು ಹಿಡಿದ ಕೈಯನ್ನು ಮರೆಸುತ್ತದೆ. ಬೀಸುವ ಕಲ್ಲನ್ನು ತಿರುಗಿಸಿದವರು, ಒನಕೆಯನ್ನು ಎತ್ತಿ ಹಾಕಿದವರು, ನೇಗಿಲು ಹಿಡಿದವರು ಯಾರು ಎಂಬ ಪ್ರಶ್ನೆ ಎರಡೂ ಕಡೆ ಉತ್ತರವಿಲ್ಲದೆ ಉಳಿಯುತ್ತದೆ. ಬೀಸುವ, ಕುಟ್ಟುವ ಪದಗಳನ್ನು ಸಂಗ್ರಹಿಸಿ ಸಂಪುಟಗಳನ್ನು ಹೊರತಂದ ಕನ್ನಡ ಜಾನಪದಕ್ಕೆ ಈ ಮೌನ ಅಪರಿಚಿತವಾದುದಲ್ಲ. ಹಾಡು ಗ್ರಂಥಾಲಯಕ್ಕೂ ಕಲ್ಲು ಸಂಗ್ರಹಾಲಯಕ್ಕೂ ಸೇರಿದ ಮೇಲೆ ಬೀಸಿದವಳು ಎರಡರಿಂದಲೂ ಹೊರಗುಳಿದಳು.

ಕವಿಮನೆಯೊಳಗೆ ವಾಸ್ತವವಾಗಿ ಎರಡು ಜಾತಿಯ ವಸ್ತುಗಳಿವೆ. ಒಂದು, ವ್ಯಕ್ತಿಯ ಕೀರ್ತಿಯನ್ನು ಹೇಳುವಂಥವು: ಛಾಯಾಚಿತ್ರ, ಗ್ರಂಥ, ಪ್ರಶಸ್ತಿಫಲಕ ಇತ್ಯಾದಿ. ಇನ್ನೊಂದು, ಮನೆತನದ ದುಡಿಮೆಯನ್ನು ಹೇಳುವಂಥವು. 2015ರ ನವೆಂಬರ್‌ನಲ್ಲಿ ಈ ಮನೆಯಲ್ಲಿ ಕಳ್ಳತನ ನಡೆದಾಗ ನಾಡಿನ ಗಮನವೆಲ್ಲ ಕಳುವಾದ ಪದ್ಮ ಪದಕಗಳ ಮೇಲೆ ಕೇಂದ್ರೀಕರಿಸಿತು. ಅದು ಸಹಜವೂ ಹೌದು. ಆದರೆ ಪದಕವೊಂದರ ದಾಖಲೆ ಸರ್ಕಾರದ ಕಡತಗಳಲ್ಲಿ ಇದ್ದೇ ಇರುತ್ತದೆ. ಯಾವ ಕಡತದಲ್ಲೂ ಇಲ್ಲದ ಚರಿತ್ರೆಯನ್ನು ಹೊತ್ತಿರುವುದು ಎರಡನೆಯ ಬಗೆಯ ವಸ್ತುಗಳು. ಅವುಗಳ ಅರ್ಥ ಕಳುವಾದರೆ ದೂರು ಕೊಡುವವರು ಇರುವುದಿಲ್ಲ.

4

ಮಲೆನಾಡಿನ ದೊಡ್ಡ ಮನೆಗಳ ವಾಸ್ತುವಿನ್ಯಾಸವು ಸಾಮಾಜಿಕ ಶ್ರೇಣೀಕರಣದ ನಕ್ಷೆಯೂ ಆಗಿತ್ತು. ಹೊರ ಅಂಗಳ, ಜಗಲಿ, ಜಗಲಿಯ ಅಂಚಿನ ಕೆಸರಲಗೆ, ನಡುಮನೆ, ಒಳ ಅಂಗಳ, ಅಡುಗೆಮನೆ, ದೇವರ ಕೋಣೆ, ಬಚ್ಚಲು, ಹಿತ್ತಿಲು, ಕೊಟ್ಟಿಗೆ: ಇವು ಒಂದರ ನಂತರ ಒಂದು ಬರುವ ಜಾಗಗಳಷ್ಟೇ ಆಗಿರಲಿಲ್ಲ, ಯಾರಿಗೆ ಎಲ್ಲಿಯವರೆಗೆ ಪ್ರವೇಶ ಎಂಬುದನ್ನು ಹೇಳುವ ಗಡಿಗಳಾಗಿದ್ದವು. ಕೆಸರಲಗೆಯ ಮೇಲೆ ಕೂರಬಹುದಾದವರು ಮತ್ತು ಅಂಗಳದಲ್ಲಿ ನಿಂತೇ ಮಾತಾಡಬೇಕಾದವರು ಎಂಬ ಭೇದವು ಹೇಳಿ ಕಲಿಸಬೇಕಾದುದಾಗಿರಲಿಲ್ಲ. ಹೆಂಗಸರು ಹಿತ್ತಿಲ ಬಾಗಿಲಿನಿಂದ ನಡೆಸುತ್ತಿದ್ದ ವ್ಯವಹಾರ, ಕೊಟ್ಟಿಗೆಯ ಕಡೆ ಬೇಯುತ್ತಿದ್ದ ಮುರುವಿನ ಒಲೆಯ ಸುತ್ತಣ ಮಾತುಕತೆ ಇವು ಜಗಲಿಯ ಲೋಕಕ್ಕಿಂತ ಭಿನ್ನವಾದ ಇನ್ನೊಂದು ಲೋಕವನ್ನೇ ರೂಪಿಸಿದ್ದವು.

ಇಂದಿನ ಸಂದರ್ಶಕ ಪಾದರಕ್ಷೆಯನ್ನು ಹೊರಗೆ ಬಿಟ್ಟು, ಮುಂಬಾಗಿಲಿನಿಂದ ನೇರವಾಗಿ ಒಳಗೆ ನಡೆದು, ಎಲ್ಲ ಕೋಣೆಗಳನ್ನೂ ಸುತ್ತಿ, ಉಪ್ಪರಿಗೆಯನ್ನೂ ಏರಿ ಬರಬಲ್ಲ. ಪ್ರಜಾಸತ್ತೆಯು ಆತನಿಗೆ ದೊರಕಿಸಿಕೊಟ್ಟ ಈ ಸಮಾನ ಪ್ರವೇಶ ಸಂತೋಷದ ಸಂಗತಿ. ಅದೇ ಹೊತ್ತಿಗೆ, ಈ ಸರಾಗ ನಡಿಗೆಯೇ ಹಿಂದಿನ ಗಡಿಗಳನ್ನು ಕಾಣದಂತೆ ಮಾಡುತ್ತದೆ ಎಂಬುದನ್ನೂ ಹೇಳಬೇಕು. ಯಾರು ಬೇಕಾದರೂ ಎಲ್ಲಿ ಬೇಕಾದರೂ ಹೋಗಬಹುದಾದ ಮನೆಯಲ್ಲಿ, ಒಂದು ಕಾಲಕ್ಕೆ ಬಹುಮಂದಿ ಹೀಗೆ ಹೋಗಲಾಗದಿದ್ದುದನ್ನು ಊಹಿಸುವುದು ಕಷ್ಟ.

ಇದನ್ನು ಕಾಣಿಸುವ ಕೆಲಸವನ್ನು ಕುವೆಂಪು ಅವರ ಎರಡು ಕಾದಂಬರಿಗಳು ಮಾಡುತ್ತವೆ. 1936ರ 'ಕಾನೂರು ಹೆಗ್ಗಡಿತಿ'ಯಲ್ಲಿ ಚಂದ್ರಯ್ಯಗೌಡರ ಯಜಮಾನಿಕೆ, ಹೂವಯ್ಯನ ಒಳತೋಟಿ, ಸುಬ್ಬಮ್ಮನ ಬದುಕು ಎಷ್ಟು ಮುಖ್ಯವೋ, ಬೇಲರ ಬೈರನ ಸಂಸಾರ ಮತ್ತು ಘಟ್ಟದ ಕೆಳಗಿನ ಆಳುಗಳ ಮೇಲೆ ಸೇರೆಗಾರ ರಂಗಪ್ಪಸೆಟ್ಟಿಯ ಹಿಡಿತವೂ ಅಷ್ಟೇ ಮುಖ್ಯ. ಮನೆ ಪಾಲಾಗುವ ಪ್ರಸಂಗದಲ್ಲಿ ಮನೆಯೆಂಬುದು ಭಾವನೆಯ ನೆಲೆಯಿಂದ ಇಳಿದು ಹಂಚಿಕೊಳ್ಳಬೇಕಾದ ಆಸ್ತಿಯಾಗಿ ಗೋಚರಿಸುತ್ತದೆ. 1967ರ 'ಮಲೆಗಳಲ್ಲಿ ಮದುಮಗಳು' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾದಂಬರಿಯ ಮೊದಲ ಪುಟಗಳಲ್ಲಿಯೇ ಓದುಗನಿಗೆ ಎದುರಾಗುವವರು ಸಿಂಬಾವಿಯ ದಲಿತ ಆಳು ಗುತ್ತಿ ಮತ್ತು ಅವನ ನಾಯಿ ಹುಲಿಯ. ಮಲೆನಾಡಿನ ದೊಡ್ಡ ಮನೆಗಳನ್ನು ಓದುಗ ಮೊದಲು ಸಮೀಪಿಸುವುದು ಹೊರಗಿನಿಂದ, ಕಾಲುದಾರಿಯಿಂದ, ಆ ಮನೆಯೊಳಗೆ ಕಾಲಿಡಲಾಗದವನ ಜೊತೆಯಲ್ಲಿ. ಗುತ್ತಿ ತಿಮ್ಮಿಯರ, ಐತ ಪೀಂಚಲುವಿನ ಬದುಕಿಗೆ ಮುಕುಂದಯ್ಯ ಚಿನ್ನಮ್ಮರ ಬದುಕಿನಷ್ಟೇ ಘನತೆಯನ್ನು ಕಾದಂಬರಿಕಾರ ನೀಡಿದ್ದಾರೆ. ಕಾದಂಬರಿಯು ತೋರಿದ ಈ ದಾರಿಯನ್ನು ಸ್ಮಾರಕದ ವಿನ್ಯಾಸ ಅನುಸರಿಸಿಲ್ಲ. ಕಾದಂಬರಿ ಅಂಗಳದಿಂದ ಜಗಲಿಯತ್ತ ನೋಡಿದರೆ, ಸ್ಮಾರಕವು ಸಂದರ್ಶಕನನ್ನು ಮೊದಲೇ ಜಗಲಿಯ ಮೇಲೆ ನಿಲ್ಲಿಸಿಬಿಡುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕನ್ನಡದ ಸಾಂಸ್ಕೃತಿಕ ಸಂಕಥನದಲ್ಲಿ ಕುವೆಂಪು ಶೂದ್ರ ಪ್ರಜ್ಞೆಯ ದೊಡ್ಡ ದನಿಯಾಗಿ ಗುರುತಿತರಾಗಿದ್ದಾರೆ. ಪುರೋಹಿತಶಾಹಿಯ ವಿರುದ್ಧದ ಅವರ ನಿಲುವು ಮೂರು ತಲೆಮಾರುಗಳನ್ನು ಎಚ್ಚರಿಸಿದೆ. ಆದರೆ ಮಲೆನಾಡಿನ ಸ್ಥಳೀಯ ಶ್ರೇಣಿಯಲ್ಲಿ ಗೌಡರ ಮನೆಯು ದುಡಿಸಿಕೊಳ್ಳುವವರ ಮನೆಯಾಗಿತ್ತು. ಒಂದು ನೆಲೆಯಲ್ಲಿ ಅಂಚಿನದಾದುದು ಇನ್ನೊಂದು ನೆಲೆಯಲ್ಲಿ ಕೇಂದ್ರವಾಗಿರುವ ಈ ದ್ವಂದ್ವವನ್ನು ಕವಿಯ ಅಭಿಮಾನಿಗಳು ಮುಜುಗರವೆಂದು ಬಗೆಯಬೇಕಾಗಿಲ್ಲ. ಅದನ್ನು ಕಂಡು, ಬರೆದು, ಗುತ್ತಿಯನ್ನು ಕೃತಿಯ ಬಾಗಿಲಲ್ಲಿ ನಿಲ್ಲಿಸಿದವರು ಆ ಮನೆಯಲ್ಲಿ ಬೆಳೆದ ಕುವೆಂಪು ಅವರೇ.

5

ವಸ್ತುವೊಂದರ ಹಿಂದಿನ ಸಂಬಂಧಗಳನ್ನು ಬಿಟ್ಟು ಅದನ್ನು ಪ್ರದರ್ಶಿಸಿದರೆ ಎಷ್ಟು ನಷ್ಟವಾಗುತ್ತದೆ ಎಂಬುದಕ್ಕೆ ಕೊಳಗವನ್ನು ಉದಾಹರಿಸಬಹುದು. ಕೊಳಗ, ಬಳ್ಳ, ಸೇರು ಇವು ಮಲೆನಾಡಿನ ಗೇಣಿ ಮತ್ತು ಕೂಲಿಯ ವ್ಯವಸ್ಥೆಯಲ್ಲಿ ದೊಡ್ಡ ಮನೆಗಳು ಇರಿಸಿಕೊಳ್ಳುತ್ತಿದ್ದ ಅಳತೆಯ ಸಾಧನಗಳು. ಸಂಗ್ರಹಾಲಯದ ಗೂಡಿನಲ್ಲಿ ಕೊಳಗವು ಕಲಾತ್ಮಕವಾದ ಪಾತ್ರೆಯಂತೆ ತೋರುತ್ತದೆ. ಇದೇ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹದ ಮೂಲ ಕಾರಣಗಳಲ್ಲಿ ಒಂದು ಕೊಳಗದ ಗಾತ್ರವಾಗಿತ್ತು. ಗೇಣಿಯನ್ನು ಅಳೆದು ಪಡೆಯಲು ಭೂಮಾಲೀಕರು ಬಳಸುತ್ತಿದ್ದ ಹಿರಿದಾದ ಕೊಳಗದ ವಿರುದ್ಧ ಗೇಣಿದಾರರು ಸಂಘಟಿತರಾದರು. ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಮೊದಲಾದ ಆ ಹೋರಾಟವು ಕರ್ನಾಟಕದ ಭೂಸುಧಾರಣೆಯ ಚರಿತ್ರೆಯಲ್ಲಿ ಮೈಲಿಗಲ್ಲಾಯಿತು. ಸಾಗರದ ಗೇಣಿಯ ಪರಿಸ್ಥಿತಿಯನ್ನು ಹಾಗೆಯೇ ಕುಪ್ಪಳಿಗೆ ಆರೋಪಿಸುವುದು ಇಲ್ಲಿಯ ಉದ್ದೇಶವಲ್ಲ. ಅಳತೆಯ ಸಾಧನವೊಂದು ಅಳೆಯುವವನಿಗೂ ಅಳೆಸಿಕೊಳ್ಳುವವನಿಗೂ ಬೇರೆ ಬೇರೆ ಅರ್ಥವನ್ನು ಕೊಡುತ್ತದೆ ಎಂಬ ತಿಳಿವಳಿಕೆ ಮಲೆನಾಡಿನ ಯಾವುದೇ ಮನೆಯ ವಸ್ತುಗಳನ್ನು ನೋಡುವಾಗಲೂ ಅಗತ್ಯ.

ವಸ್ತುಗಳು ಉಳಿಯುವುದರಲ್ಲಿಯೂ ಅಸಮಾನತೆಯಿದೆ. ತೊಟ್ಟಿಮನೆಗೆ ಕಲ್ಲಿನ ತಳಪಾಯ, ಬೀಟೆ ಹಲಸಿನಂಥ ಗಟ್ಟಿ ಮರ, ಹೆಂಚಿನ ಮಾಡು. ಆಳುಗಳ ಬಿಡಾರಕ್ಕೆ ಬಿದಿರು, ಮಣ್ಣು, ಹುಲ್ಲು ಅಥವಾ ಸೋಗೆ. ಹೊದಿಕೆಯನ್ನು ಆಗಾಗ ಬದಲಿಸದಿದ್ದರೆ ಬಿಡಾರವು ಮಳೆಗಾಲದಲ್ಲಿ ಮಣ್ಣಿಗೆ ಮರಳುತ್ತಿತ್ತು. ಹೀಗಾಗಿ ಗೌಡರ ಮನೆಯನ್ನು ಜೀರ್ಣೋದ್ಧಾರ ಮಾಡಬಹುದು. ಜೀರ್ಣೋದ್ಧಾರಕ್ಕೆ ಒದಗುವಂಥದ್ದನ್ನು ಬಿಡಾರವು ಉಳಿಸಿ ಹೋಗುವುದಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಮತ್ತು 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆಗಳ ತರುವಾಯ ಆ ಬದುಕಿನ ವ್ಯವಸ್ಥೆಯೇ ಕರಗಿತು. ಅದು ಕರಗಿದ್ದು ಒಳಿತೇ ಸರಿ. ಆದರೆ ಅದರ ನೆನಪು ಇಂದು ಉಳಿದಿರುವುದು ಎರಡೇ ಕಡೆ: ಕಾದಂಬರಿಗಳಲ್ಲಿ ಮತ್ತು ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳ ಮೌಖಿಕ ಕಥನಗಳಲ್ಲಿ.

6

ಕುಪ್ಪಳಿಯ ಸಂದರ್ಶನ ಮನೆಯಲ್ಲಿಗೆ ಮುಗಿಯುವುದಿಲ್ಲ. ಅದು ಗುಡ್ಡವೇರಿ ಕವಿಶೈಲದಲ್ಲಿ, ಕವಿಯ ಸಮಾಧಿಯ ಬಳಿ ಸಮಾಪ್ತಿಗೊಳ್ಳುತ್ತದೆ. ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆಯಂತೆ ಅಲ್ಲಿ ನಿಲ್ಲಿಸಿದ ಭಾರಿ ಶಿಲೆಗಳ ವಿನ್ಯಾಸವು ಬೃಹತ್ ಶಿಲಾಯುಗದ ಸ್ಮಾರಕಗಳನ್ನು ನೆನಪಿಗೆ ತರುತ್ತದೆ. ಪಾದರಕ್ಷೆ ಕಳಚುವುದು, ನಿಗದಿತ ಕ್ರಮದಲ್ಲಿ ಸುತ್ತುವುದು, ಏರು ಹತ್ತುವುದು, ಸಮಾಧಿಯ ಮುಂದೆ ಮೌನವಾಗಿ ನಿಲ್ಲುವುದು ಇವೆಲ್ಲ ಕ್ಷೇತ್ರಯಾತ್ರೆಯ ರಚನೆಯನ್ನೇ ಹೋಲುತ್ತವೆ. ಶಾಲಾ ಪ್ರವಾಸಗಳಲ್ಲಿ ಶೃಂಗೇರಿ, ಹೊರನಾಡು, ಆಗುಂಬೆಗಳ ನಡುವೆ ಕುಪ್ಪಳಿಯೂ ಒಂದು ನಿಲುಗಡೆಯಾಗಿರುವುದರಿಂದ ಈ ಹೋಲಿಕೆ ಇನ್ನಷ್ಟು ದಟ್ಟವಾಗುತ್ತದೆ. ಗುಡಿಗಳ ಮಧ್ಯಸ್ಥಿಕೆಯನ್ನು ನಿರಾಕರಿಸಿದ, ಸರಳ ವಿವಾಹಕ್ಕಾಗಿ ಮಂತ್ರಮಾಂಗಲ್ಯವನ್ನು ರೂಪಿಸಿದ ಕವಿಯ ಮನೆಯೇ ಗುಡಿಯಾಗುವುದರ ವೈರುಧ್ಯ ಮೇಲ್ನೋಟಕ್ಕೇ ಕಾಣುವಂಥದ್ದು. ಆದರೆ ಇದನ್ನು ಬರಿಯ ವ್ಯಂಗ್ಯವೆಂದು ತಳ್ಳಿಹಾಕುವುದು ಜಾನಪದ ಅಧ್ಯಯನದ ಕ್ರಮವಲ್ಲ. ಜನ ತಮಗೆ ಗೊತ್ತಿರುವ ಗೌರವದ ಭಾಷೆಯಲ್ಲಿಯೇ ಗೌರವ ಸಲ್ಲಿಸುತ್ತಾರೆ. ಪುಸ್ತಕ ಓದದವರೂ ಕವಿಯೊಬ್ಬನಿಗೆ ತಲೆಬಾಗುವ ಸಮಾಜ ಸಣ್ಣದಲ್ಲ. ತಲೆಬಾಗುವಿಕೆಯು ನೋಡುವುದರ ಬದಲಿಯಾಗಬಾರದು ಎಂಬುದಷ್ಟೇ ಇಲ್ಲಿಯ ತಕರಾರು.

ಕವಿಶೈಲದ ಬಂಡೆಯ ಮೇಲೆ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಅವರ ಹಸ್ತಾಕ್ಷರಗಳು ಕೊರೆದಿವೆ. ಗುರುಶಿಷ್ಯ ಪರಂಪರೆಯ ಆ ಗುರುತನ್ನು ಕನ್ನಡಿಗರು ಅಭಿಮಾನದಿಂದ ನೋಡುತ್ತಾರೆ. ಕೆಳಗಿನ ಮನೆಯ ಮುಂಡಿಗೆಗಳನ್ನು ಕೆತ್ತಿದ ಆಚಾರಿಗಳು, ಮರಗಳನ್ನು ಕಾಡಿನಿಂದ ಎಳೆದು ತಂದ ಆಳುಗಳು ತಮ್ಮ ಗುರುತನ್ನು ಎಲ್ಲಿಯೂ ಬಿಟ್ಟುಹೋಗಿಲ್ಲ. ಅಕ್ಷರ ಬಲ್ಲವರ ಸಹಿಯೂ ಅಕ್ಷರ ನಿರಾಕರಿಸಲ್ಪಟ್ಟವರ ಕೆಲಸವೂ ಒಂದೇ ಆವರಣದಲ್ಲಿ ಇರುವ ಕಾರಣಕ್ಕೆ ಕುಪ್ಪಳಿಯು ಜಾನಪದ ಸಂಶೋಧಕನಿಗೆ ಅಮೂಲ್ಯವಾದ ಕ್ಷೇತ್ರ.

7

ಈ ವಿಮರ್ಶೆಯನ್ನು ಪ್ರತಿಷ್ಠಾನದ ಸಾಧನೆಯ ನಿರಾಕರಣೆಯಾಗಿ ಓದಬಾರದು. ಮಲೆನಾಡಿನ ತೊಟ್ಟಿಮನೆಗಳಲ್ಲಿ ಎಷ್ಟೋ ಮನೆಗಳು ಪಾಲಾಗಿ, ಅವುಗಳ ಮುಂಡಿಗೆಗಳೂ ಕೆತ್ತನೆಯ ಬಾಗಿಲುಗಳೂ ನಗರಗಳ ಹಳೆಯ ಸಾಮಾನಿನ ಮಾರುಕಟ್ಟೆಗೆ ಸಾಗಿಹೋದವು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳೇ ಮುಳುಗಿದವು. ಇಂಥ ಸನ್ನಿವೇಶದಲ್ಲಿ ಒಂದು ಮನೆ ತನ್ನ ಒಲೆ, ಒರಳು, ಹಂಡೆಗಳ ಸಮೇತ ನಿಂತಿರುವುದು ಕವಿಯ ಹೆಸರಿನ ಬಲದಿಂದ. ಹೆಸರಿಲ್ಲದವರ ಕೈಗಳ ಗುರುತು ಹೊತ್ತ ವಸ್ತುಗಳು ಉಳಿದಿರುವುದೂ ಅದೇ ಹೆಸರಿನ ಆಸರೆಯಲ್ಲಿ. ಆದ್ದರಿಂದ ಕವಿಯ ಹೆಸರನ್ನು ಹಿಂದಕ್ಕೆ ಸರಿಸುವ ಪ್ರಶ್ನೆ ಏಳುವುದಿಲ್ಲ. ಅದರ ಆಸರೆಯಲ್ಲಿ ಇನ್ನಷ್ಟು ಹೆಸರುಗಳಿಗೆ ಎಡೆ ಮಾಡಿಕೊಡುವುದು ಆಗಬೇಕಾದ ಕೆಲಸ.

ಅದಕ್ಕೆ ಮಾದರಿಯೊಂದು ರಂಗಭೂಮಿಯಲ್ಲಿ ದೊರೆತಿದೆ. 2010ರಲ್ಲಿ ಮೈಸೂರಿನ ರಂಗಾಯಣವು ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಇಡೀ ರಾತ್ರಿಯ ಬಯಲು ಪ್ರಯೋಗವಾಗಿ ಆಡಿ ತೋರಿಸಿತು. ಪ್ರೇಕ್ಷಕರು ಒಂದೆಡೆಯಿಂದ ಇನ್ನೊಂದೆಡೆಗೆ ನಡೆಯುತ್ತ ಕಥೆಯನ್ನು ಹಿಂಬಾಲಿಸಿದರು. ಕಾದಂಬರಿಯ ಕಾಲುದಾರಿಯು ನೋಡುವ ಕ್ರಮವೇ ಆಗಬಲ್ಲದು ಎಂಬುದನ್ನು ಆ ಪ್ರಯೋಗ ಸಾಬೀತುಪಡಿಸಿತು. ಕವಿಮನೆಯ ಸಂದರ್ಶನಕ್ಕೂ ಇಂಥದೊಂದು ದಾರಿ ಅಸಾಧ್ಯವೇನಲ್ಲ. ಅಂಗಳದಿಂದ, ಕೊಟ್ಟಿಗೆಯಿಂದ, ಹಿತ್ತಿಲಿನಿಂದ ಮನೆಯತ್ತ ಬರುವ ಕ್ರಮವನ್ನು ರೂಪಿಸಬಹುದು. ಪ್ರತಿ ವಸ್ತುವಿನ ಬಳಿ ಅದರ ಸ್ಥಳೀಯ ಹೆಸರು, ಅದನ್ನು ಮಾಡುತ್ತಿದ್ದ ಸಮುದಾಯ, ಅದನ್ನು ಬಳಸುತ್ತಿದ್ದವರು ಯಾರು ಎಂಬ ವಿವರ ಇರಬೇಕು. 1933ರ 'ಮಲೆನಾಡಿನ ಚಿತ್ರಗಳು', 1980ರ 'ನೆನಪಿನ ದೋಣಿಯಲ್ಲಿ' ಮತ್ತು ಎರಡು ಕಾದಂಬರಿಗಳಲ್ಲಿ ಬರುವ ವಸ್ತುಗಳ ಕೋಶವೊಂದನ್ನು ಸಿದ್ಧಪಡಿಸಿದರೆ ಈ ಕೆಲಸಕ್ಕೆ ಭದ್ರವಾದ ಬುನಾದಿ ದೊರೆಯುತ್ತದೆ.

ಇವೆಲ್ಲಕ್ಕಿಂತ ತುರ್ತಿನದು ಕ್ಷೇತ್ರಕಾರ್ಯ. ಕುಪ್ಪಳಿಯ ಸುತ್ತಣ ಹಳ್ಳಿಗಳಲ್ಲಿ ಗೌಡರ ಮನೆಗಳ ದುಡಿಮೆಯ ವ್ಯವಸ್ಥೆಯನ್ನು ಬಾಲ್ಯದಲ್ಲಾದರೂ ಕಂಡ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಕಾಯ್ದೆಗಳಿಗೆ ಅರ್ಧ ಶತಮಾನ ಸಂದಿರುವುದರಿಂದ ಈ ಲೆಕ್ಕ ಸುಲಭವಾಗಿ ತಿಳಿಯುವಂಥದ್ದು. ಕವಿಮನೆಯ ಒಂದು ಕೋಣೆಯನ್ನಾದರೂ ಅವರ ಮಾತುಗಳಿಗೆ, ಅವರ ಹಾಡುಗಳಿಗೆ, ಅವರ ಹಿರಿಯರ ಹೆಸರುಗಳಿಗೆ ಮೀಸಲಿಡಬೇಕು. ಕುವೆಂಪು ತಮ್ಮ ಕಾದಂಬರಿಯ ಬಾಗಿಲನ್ನು ತೆರೆದದ್ದು ಗುತ್ತಿಗಾಗಿ. ಅವರ ಮನೆಯ ಬಾಗಿಲು ಆತನ ಮೊಮ್ಮಕ್ಕಳ ನೆನಪಿಗೆ ತೆರೆದುಕೊಂಡಾಗ ಕವಿಮನೆಯು ಆ ಹೆಸರಿಗೆ ಪೂರ್ಣವಾಗಿ ತಕ್ಕುದಾಗುತ್ತದೆ.